ಅರವತ್ತಕ್ಕೆ ಅರಳುಮರಳೇ?

"ಅರವತ್ತಕ್ಕೆ ಅರಳುಮರಳು" ಅಂತ ಗಾದೆ ಇದೆ. ಒಲೆ ಮೇಲೆ ಹಾಲಿಟ್ಟು ಮರೆಯುತ್ತೇವೆ. ಬೀಗದ ಕೈ ಎಲ್ಲಿಟ್ಟೆ ಅಂತ ಹುಡುಕುತ್ತೇವೆ. ಸ್ಲೇಟು ಹಿಡಿದರೆ, "ಈ ವಯಸ್ಸಿಗೆ ಅಕ್ಷರ ತಲೆಗೆ ಹತ್ತುತ್ತಾ?" ಅಂತ ಮನೆಯವರು ನಗುತ್ತಾರೆ. ಈ ಮಾತು ನಿಜವೇ? ಬನ್ನಿ, ತಿಳಿಯೋಣ.

ಅಮೆರಿಕದಲ್ಲಿ ಡೇವಿಡ್ ಸ್ನೋಡನ್ ಎಂಬ ಯುವ ವಿಜ್ಞಾನಿ ಇದ್ದರು. ಮುಪ್ಪಿನಲ್ಲಿ ಮರೆವು ಯಾಕೆ ಬರುತ್ತದೆ? ಇದನ್ನು ಅವರು ತಿಳಿಯಬೇಕಿತ್ತು. 1986ರಲ್ಲಿ ಅವರು ಕ್ರೈಸ್ತ ಸನ್ಯಾಸಿನಿಯರ ಬಳಿ ಹೋದರು. ಸನ್ಯಾಸಿನಿಯರ ಊಟ, ವಾಸ ಹೆಚ್ಚು ಕಡಿಮೆ ಒಂದೇ ತರಹ. ಹಾಗಾಗಿ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದು ಸುಲಭ.

678 ಮಂದಿ ಒಪ್ಪಿದರು. ಎಲ್ಲರಿಗೂ 75 ದಾಟಿತ್ತು. ಆಗಾಗ ಅವರ ನೆನಪಿನ ಪರೀಕ್ಷೆ ನಡೆಯಿತು. ಸತ್ತ ಮೇಲೆ ಮೆದುಳನ್ನು ದಾನ ಮಾಡಲೂ ಅವರು ಒಪ್ಪಿದರು. ಎಂಥ ದೊಡ್ಡ ಮನಸ್ಸು!

ಅವರಲ್ಲಿ ಸಿಸ್ಟರ್ ಮೇರಿ ಒಬ್ಬರು. ಅವರು ಶಾಲೆಯ ಟೀಚರು. 84ರವರೆಗೂ ಪಾಠ ಹೇಳಿದರು. 101ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರ ಬುದ್ಧಿ ಚುರುಕಾಗಿತ್ತು. ಆದರೆ ಅವರ ಮೆದುಳಿನಲ್ಲಿ ಗಂಟು, ಕಲೆಗಳು ತುಂಬಿದ್ದವು. ಅವು ಅಲ್ಜೈಮರ್ಸ್ ಎಂಬ ಮರೆವಿನ ಕಾಯಿಲೆಯ ಗುರುತು. ಕಾಯಿಲೆಯ ಗುರುತು ಇತ್ತು. ಮರೆವು ಇರಲಿಲ್ಲ!

ಇನ್ನೊಂದು ಸಂಗತಿ. ಈ ಸನ್ಯಾಸಿನಿಯರು ವಯಸ್ಸಿನಲ್ಲಿ ತಮ್ಮ ಕಥೆಯನ್ನು ತಾವೇ ಬರೆದಿದ್ದರು. ವಿಷಯ ತುಂಬಿ ಬರೆದವರಿಗೆ ಮುಪ್ಪಿನಲ್ಲಿ ಈ ಕಾಯಿಲೆ ಕಡಿಮೆ ಕಂಡಿತು. ಓದಿದರೆ ಕಾಯಿಲೆ ಬರುವುದೇ ಇಲ್ಲ ಅಂತಲ್ಲ. ಆದರೆ ಕಲಿಕೆ ಮೆದುಳಿಗೆ ಬಲ ಕೊಡುತ್ತದೆ. ಕೂಡಿಟ್ಟ ಕಾಳು ಬರಗಾಲಕ್ಕೆ ಆಗುವ ಹಾಗೆ.

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲೂ 2018ರಲ್ಲಿ ಇಂಥ ಅಧ್ಯಯನ ಶುರುವಾಯಿತು. ಬೆಂಗಳೂರಿನ ವಿಜ್ಞಾನಿಗಳು ಇದನ್ನು ನಡೆಸುತ್ತಾರೆ. 45 ದಾಟಿದವರು ಇದರಲ್ಲಿ ಸೇರಿದ್ದಾರೆ.

ಬೀಗದ ಕೈ ಮರೆತರೆ ಹೆದರಬೇಕಿಲ್ಲ. ಆದರೆ ಅತ್ತೆ ದಿನಾ ಓಡಾಡಿದ ದಾರಿಯನ್ನೇ ಮರೆತರೆ? ಉಂಡದ್ದು ಮರೆತು ಮತ್ತೆ ಊಟ ಕೇಳಿದರೆ? ಅದು ಹಠವಲ್ಲ, ಗಾಳಿ ಸೋಕಿದ್ದಲ್ಲ. ಕಾಯಿಲೆ ಇರಬಹುದು. ಬೈಯುವುದು ಬೇಡ. ಡಾಕ್ಟರ ಬಳಿ ಕರೆದುಕೊಂಡು ಹೋಗೋಣ. ನಮ್ಮ ಬಿ.ಪಿ., ಸಕ್ಕರೆ ಕಾಯಿಲೆಯನ್ನೂ ಹತೋಟಿಯಲ್ಲಿ ಇಡೋಣ. ಅದರಿಂದ ಮೆದುಳಿಗೂ ಒಳ್ಳೆಯದು.

ಅರವತ್ತಾದರೂ ಅಕ್ಷರ ತಲೆಗೆ ಹತ್ತುತ್ತದೆ. ನಿಧಾನವಾಗಬಹುದು, ಅಷ್ಟೆ.

ಉತ್ತರ ಹೇಳೋಣ
1. ಸಿಸ್ಟರ್ ಮೇರಿ ಎಷ್ಟು ವರ್ಷ ಬದುಕಿದರು?
2. ಯಾವ ಮರೆವಿಗೆ ಡಾಕ್ಟರನ್ನು ಕಾಣಬೇಕು?

ಬರೆಯೋಣ
ನಮ್ಮ ಬಾಲ್ಯದ ಬಗ್ಗೆ ಎರಡು ಸಾಲು.