ಮೀನಿನ ತೊಟ್ಟಿಯೂ ಕರೆಂಟಿನ ಲೆಕ್ಕವೂ

ಆರ್.ಟಿ. ನಗರದ ನಮ್ಮ ಮನೆಯಲ್ಲಿ ಅಣ್ಣ ಸಮುದ್ರದ ಮೀನು ಸಾಕಿದ್ದಾನೆ. ಕಳೆದ ಚಳಿಗಾಲದಲ್ಲಿ ತೊಟ್ಟಿಗೆ ಕೈ ಹಾಕಿದ ಅಮ್ಮಿಗೆ ಬೆರಳು ಜುಮ್ಮೆಂದಿತು. "ಮೀನುಗಳು ಚೆನ್ನಾಗಿಯೇ ಇವೆಯಲ್ಲ!" ಎಂದ ಅಣ್ಣ. ಆದರೆ ಮೀನಿನಿಂದ ನೆಲಕ್ಕೆ ಕರೆಂಟ್ ಹರಿಯಲು ದಾರಿಯಿಲ್ಲ. ನೆಲದ ಮೇಲೆ ನಿಂತು ನೀರು ಮುಟ್ಟಿದವರೇ ಆ ದಾರಿ.

ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಈ ನೀರು ಸಿಹಿನೀರಿಗಿಂತ ಬಹಳ ಸುಲಭವಾಗಿ ವಿದ್ಯುತ್ ಹರಿಸುತ್ತದೆ. ನಮ್ಮ ತೊಟ್ಟಿಯ ಹೀಟರ್ ಗಾಜು ಬಿರುಕು ಬಿಟ್ಟಿತ್ತು.

ಎಂಸಿಬಿ ಏಕೆ ಆಫ್ ಆಗಲಿಲ್ಲ? ಅದು ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್‌ಗೆ ಮಾತ್ರ. ಸಣ್ಣ ಸೋರಿಕೆ ಹಿಡಿಯುವುದು ಆರ್‌ಸಿಸಿಬಿ. ನಮ್ಮ ಅಕೌಂಟೆನ್ಸಿಯಂತೆ, ಹೋದ ಕರೆಂಟೂ ಮರಳಿದ ಕರೆಂಟೂ ಟ್ಯಾಲಿ ಆಗಬೇಕು. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಕ್ಷಣದಲ್ಲೇ ಆಫ್ ಆಗುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನಾವೂ ಹಾಕಿಸಿದೆವು.

ನೆನಪಿಡಿ:
1. ಕೈ ಹಾಕುವ ಮೊದಲು ಎಲ್ಲ ಪ್ಲಗ್ ತೆಗೆಯಿರಿ.
2. ವೈರ್ ಸಾಕೆಟ್‌ಗಿಂತ ಕೆಳಕ್ಕೆ ಬಾಗಿ ಮೇಲೇರಲಿ; ನೀರಿನ ಹನಿ ಸಾಕೆಟ್ ಸೇರದೆ ಅಲ್ಲೇ ತೊಟ್ಟಿಕ್ಕುತ್ತದೆ.
3. ಆರ್‌ಸಿಸಿಬಿಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.
4. ಜುಮ್ಮೆಂದರೆ ಮತ್ತೆ ಮುಟ್ಟಿ ಪರೀಕ್ಷಿಸಬೇಡಿ. ಮೇನ್ ಆಫ್ ಮಾಡಿ.