ಯಾರ ಮನೆ ಹುಡುಗ ಸೈನ್ಯದಲ್ಲಿದ್ದಾನೆ?

ನಾವು ಗಾರ್ಮೆಂಟ್ಸ್ ಕೆಲಸದ ಹೆಂಗಸರು. ಹಾಸನದ ಕಡೆಯ ಹಳ್ಳಿಗಳಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತೇವೆ. ಕಾಲರ್ ಹಚ್ಚುವವರು, ತೋಳು ಕೂರಿಸುವವರು, ಗುಂಡಿ ಹಾಕುವವರು, ಎಲ್ಲರೂ ಒಂದೇ ಲೈನಿನಲ್ಲಿ ಕೂರುತ್ತೇವೆ. ಮಿಷನ್ ಸದ್ದಿನಲ್ಲಿ ಮಾತು ಕಡಿಮೆ. ಪಕ್ಕದಲ್ಲಿ ಕೂತವಳ ಕೈಕೆಲಸ ಗೊತ್ತು. ಮನೆ ಸುದ್ದಿ ಗೊತ್ತಿಲ್ಲ.

ಒಂದು ವರ್ಷ ಡಿಸೆಂಬರ್ 7ನೇ ತಾರೀಕು. ಊಟದ ಹೊತ್ತಿಗೆ ಆಫೀಸಿನವರು ಒಂದು ಡಬ್ಬಿ ಹಿಡಿದುಕೊಂಡು ಬಂದರು. ಹತ್ತು ರೂಪಾಯಿ ಹಾಕಿದವರಿಗೆಲ್ಲ ಒಂದೊಂದು ಪುಟ್ಟ ಬಾವುಟ ಕೊಟ್ಟರು. ಅದರಲ್ಲಿ ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣ ಇತ್ತು.

"ಇದೇನ್ ಸಾರ್?" ಅಂತ ಕೇಳಿದೆವು.

"ಧ್ವಜ ದಿನ ಕಣ್ರಮ್ಮ. ಸೈನಿಕರಿಗೆ ದುಡ್ಡು ಕೂಡಿಸೋದು."

ಗುಂಡಿ ಮಿಷನ್ನಿನ ಅಕ್ಕ ಆ ಬಾವುಟವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ ಹೇಳಿದರು: "ನನ್ ಮಗನೂ ಅಲ್ಲೇ ಅವ್ನೆ ಕಣ್ರವ್ವ. ಆರು ವರ್ಷ ಆಯ್ತು."

ನಾಲ್ಕು ವರ್ಷದಿಂದ ಅವರು ನಮ್ಮ ಲೈನಿನಲ್ಲೇ ಇದ್ದಾರೆ. ನಮ್ಮಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ.

ಕೇಳುತ್ತಾ ಹೋದ ಹಾಗೆ ಇನ್ನೊಂದು ಸಂಗತಿ ಹೊರಬಿತ್ತು. ಹಿಂದಿನ ಆಷಾಢದಲ್ಲಿ ಮಗ ರಜೆಗೆ ಬಂದಿದ್ದನಂತೆ. ಅಕ್ಕ ಎರಡು ದಿನ ರಜೆ ಕೇಳಿದರು. ಮಾಲು ಹೊರಡುವ ವಾರ, ಸೂಪರ್‌ವೈಸರ್ ಕೊಡಲಿಲ್ಲ. ಎರಡನೇ ದಿನ ಬೆಳಿಗ್ಗೆ ಮಗನಿಗೆ ಕರೆ ಬಂತು, ರಜೆ ರದ್ದು, ಕೂಡಲೇ ಹೊರಡು ಅಂತ. ಅವನು ತಾಯಿಗೆ ಒಂಬತ್ತು ಸಲ ಫೋನ್ ಮಾಡಿದ. ಫೋನು ಗೇಟಿನ ಪೆಟ್ಟಿಗೆಯಲ್ಲಿ ಇತ್ತು. ನಮ್ಮಲ್ಲಿ ಒಳಗೆ ಫೋನ್ ತರುವಂತಿಲ್ಲ. ಅವನು ಮಧ್ಯಾಹ್ನದ ರೈಲಿಗೆ ಹೋದ. ಅಕ್ಕ ಸಂಜೆ ಏಳಕ್ಕೆ ಮನೆಗೆ ಹೋದಾಗ ಬಾಗಿಲಿಗೆ ಬೀಗ. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು ಹೋಗಿದ್ದ.

"ಒಂದ್ ಮಾತು ನಮ್ಗಾದ್ರೂ ಹೇಳ್ಬಾರ್ದಾಗಿತ್ತಾ ಅಕ್ಕ?"

"ಹೇಳಿ ಏನ್ ಮಾಡದು? ನಿಮ್ಗೂ ಟಾರ್ಗೆಟ್ಟು, ನಂಗೂ ಟಾರ್ಗೆಟ್ಟು."

ಮಾರನೇ ದಿನ ಅವರ ಕೈ ಓಡಲಿಲ್ಲ. ಲೈನ್ ಹಿಂದೆ ಬಿತ್ತು. ಆಗ ಅವರನ್ನು ಬೈದವರು ಸೂಪರ್‌ವೈಸರ್ ಮಾತ್ರ ಅಲ್ಲ. ನಾವೂ ಬೈದಿದ್ದೆವು. ಅದು ನಮಗೆ ಚೆನ್ನಾಗಿ ನೆನಪಿದೆ.

ಈಗ ಆ ಬಾವುಟದ ವಿಷಯ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ದೇಶದ ಎಲ್ಲ ಕಡೆ ನಡೆಯುತ್ತಿದೆ. ಮೂರು ಬಣ್ಣ ಮೂರು ಪಡೆಗಳ ಗುರುತು. ಕೆಂಪು ಭೂಸೇನೆಗೆ, ಕಡುನೀಲಿ ನೌಕಾಪಡೆಗೆ, ತಿಳಿನೀಲಿ ವಾಯುಪಡೆಗೆ. ಕೂಡಿದ ಹಣ ಮಡಿದ ಯೋಧರ ಹೆಂಡತಿ ಮಕ್ಕಳಿಗೆ, ಅಂಗವಿಕಲರಾದ ಸೈನಿಕರಿಗೆ, ನಿವೃತ್ತರ ನೆರವಿಗೆ ಹೋಗುತ್ತದೆ. ಹತ್ತು ರೂಪಾಯಿ ಹಾಕುವುದು ಒಳ್ಳೆಯದೇ. ಆದರೆ ನಮ್ಮ ಹತ್ತು ರೂಪಾಯಿ ಎಲ್ಲಿಗೋ ಹೋಯಿತು, ಪಕ್ಕದ ಅಕ್ಕನಿಗೆ ನಾವು ಏನೂ ಮಾಡಲಿಲ್ಲವಲ್ಲ, ಅಂತ ಅನ್ನಿಸಿತು.

ಅಕ್ಷರ ಕಲಿತಿದ್ದು ಆಗ ಕೆಲಸಕ್ಕೆ ಬಂತು. ಒಂದು ನೋಟ್ ಬುಕ್ಕಿನಲ್ಲಿ ಗೆರೆ ಎಳೆದು ಮೂರು ಮನೆ ಮಾಡಿದೆವು. ಕೆಲಸದವರ ಹೆಸರು, ಸೈನ್ಯದಲ್ಲಿ ಇರುವವರು ಅವರಿಗೆ ಏನಾಗಬೇಕು, ಯಾವ ಪಡೆ. ಲೈನಿಂದ ಲೈನಿಗೆ ಹೋಗಿ ಕೇಳಿ ಬರೆದೆವು. ಮಗ, ಗಂಡ, ತಮ್ಮ, ಅಳಿಯ. ವಾರದಲ್ಲಿ 11 ಮನೆ ಸಿಕ್ಕವು. ಬಾಗಿಲು ಕಾಯುವ ಸೆಕ್ಯೂರಿಟಿ ತಾತ ತಾವೇ ನಿವೃತ್ತ ಸೈನಿಕರು. ನಾವು ದಿನಾ ಅವರಿಗೆ ಚೀಲ ತೋರಿಸಿ ಒಳಗೆ ಹೋಗುತ್ತಿದ್ದೆವು!

ಪಟ್ಟಿ ಬರೆಯುವಾಗ ಜಗಳವೂ ಆಯಿತು. ಇಸ್ತ್ರಿ ವಿಭಾಗದ ಒಬ್ಬಳ ತಮ್ಮ ಸಿ.ಆರ್.ಪಿ.ಎಫ್.ನಲ್ಲಿ ಇದ್ದಾನೆ. "ಅದು ಮಿಲಿಟರಿ ಅಲ್ಲ" ಅಂದರು ಕೆಲವರು. ಒಂದು ಲೆಕ್ಕಕ್ಕೆ ನಿಜ. ಭೂಸೇನೆ, ನೌಕಾಪಡೆ, ವಾಯುಪಡೆ ರಕ್ಷಣಾ ಇಲಾಖೆಗೆ ಸೇರುತ್ತವೆ. ಸಿ.ಆರ್.ಪಿ.ಎಫ್., ಗಡಿ ಭದ್ರತಾ ಪಡೆ ಇವೆಲ್ಲ ಗೃಹ ಇಲಾಖೆಯ ಕೈಕೆಳಗೆ ಬರುತ್ತವೆ. ಕಚೇರಿ ಬೇರೆ, ಪಿಂಚಣಿ ನಿಯಮ ಬೇರೆ. ಆಗ ಆ ಹುಡುಗಿ ಕೇಳಿದಳು: "ಪುಲ್ವಾಮದಲ್ಲಿ ಸತ್ತೋರು ಯಾರು ಮತ್ತೆ?" 2019ರ ಫೆಬ್ರವರಿ 14ರಂದು ಅಲ್ಲಿ ಮಡಿದ 40 ಜನ ಸಿ.ಆರ್.ಪಿ.ಎಫ್.ನವರೇ. ಅವರಲ್ಲಿ ಮಂಡ್ಯ ಜಿಲ್ಲೆ ಗುಡಿಗೆರೆಯ ಗುರು ಕೂಡ ಒಬ್ಬರು. ಯಾರೂ ಮತ್ತೆ ಮಾತಾಡಲಿಲ್ಲ. ಅವಳ ತಮ್ಮನ ಹೆಸರು ಬರೆದೆವು.

ಇನ್ನೊಬ್ಬರ ಮಗ ಅಗ್ನಿವೀರ. ಈ ಯೋಜನೆ 2022ರಲ್ಲಿ ಬಂತು. ಇದರಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ನಾಲ್ವರಲ್ಲಿ ಒಬ್ಬರವರೆಗೆ ಉಳಿಸಿಕೊಳ್ಳುತ್ತೇವೆ ಅಂತ ಯೋಜನೆ ಬಂದಾಗ ಹೇಳಿದ್ದರು. ಉಳಿದವರಿಗೆ ಒಂದು ಗಂಟು ಹಣ ಕೊಟ್ಟು ಕಳಿಸುತ್ತಾರೆ, ಪಿಂಚಣಿ ಇಲ್ಲ. "ನಾಕ್ ವರ್ಷ ಆದ್ಮೇಲೆ ಅವ್ನ ಹೆಸ್ರು ಅಳಿಸ್ತೀರಾ?" ಅಂತ ಆ ತಾಯಿ ಕೇಳಿದರು. ಅಳಿಸುವುದಿಲ್ಲ ಅಂದೆವು.

ಚೆಕಿಂಗ್ ಟೇಬಲ್ಲಿನಲ್ಲಿ ಒಬ್ಬರು ಇದ್ದಾರೆ. ಅವರ ಗಂಡ ಸೇವೆಯಲ್ಲಿ ಇರುವಾಗಲೇ ತೀರಿಹೋದರು. ಗುಂಡೇಟಿನಿಂದ ಅಲ್ಲ, ಕಾಯಿಲೆಯಿಂದ. ಹಾಗಾಗಿ ಊರಿನಲ್ಲಿ ಮೆರವಣಿಗೆ ಆಗಲಿಲ್ಲ, ಯಾರೂ ಭಾಷಣ ಮಾಡಲಿಲ್ಲ. ಹೆಸರು ಬರೆಯಲು ಹೋದಾಗ ಅವರು, "ಬರ್ಕೊಳಿ, ಆದ್ರೆ ನನ್ನ ಸ್ಟೇಜಿಗೆ ಮಾತ್ರ ಕರೀಬೇಡಿ" ಅಂದರು.

ಪಟ್ಟಿ ಮ್ಯಾನೇಜರ್ ಹತ್ತಿರ ಹೋಯಿತು. ಅವರಿಗೆ ಖುಷಿಯಾಯಿತು. ಜನವರಿ 26ಕ್ಕೆ ಸಮಾರಂಭ ಮಾಡೋಣ, ಶಾಲು ಹೊದಿಸೋಣ, ಫೋಟೋ ತೆಗೆಸೋಣ ಅಂದರು. ಮಾಡಿದರೂ ಮಾಡಿದರು. ಸೆಕ್ಯೂರಿಟಿ ತಾತ ತಮ್ಮ ಪದಕ ಹಾಕಿಕೊಂಡು ಬಂದು ಬಾವುಟಕ್ಕೆ ಸೆಲ್ಯೂಟ್ ಹೊಡೆದಾಗ ನಮ್ಮೆಲ್ಲರ ಕಣ್ಣು ತುಂಬಿತು. ಶಾಲು ಬೇಡ ಅಂತ ನಾವು ಹೇಳುವುದಿಲ್ಲ. ನಮ್ಮಂಥವರನ್ನು ಹೆಸರು ಹಿಡಿದು ಕರೆದು ಮುಂದೆ ನಿಲ್ಲಿಸುವ ದಿನ ಎಷ್ಟು ಬರುತ್ತದೆ?

ಆದರೆ ಗುಂಡಿ ಮಿಷನ್ನಿನ ಅಕ್ಕ ಶಾಲು ಹೊದ್ದುಕೊಂಡೇ ಮ್ಯಾನೇಜರಿಗೆ ಹೇಳಿದರು: "ಸಾರ್, ಶಾಲು ಕೊಟ್ರಿ, ಸಂತೋಷ. ನನ್ ಮಗ ಬಂದಾಗ ಎರಡ್ ದಿನ ರಜ ಕೊಡಿ. ಅಷ್ಟು ಸಾಕು."

ಆ ಮಾತಿನಿಂದ ಕೆಲಸ ಶುರುವಾಯಿತು. ಫೋನಿನ ವಿಷಯ ಬೇಗ ಮುಗಿಯಿತು. ಈ 11 ಮನೆಯವರು ಆಫೀಸಿನ ಫೋನ್ ನಂಬರನ್ನು ಸೈನ್ಯದಲ್ಲಿ ಇರುವವರಿಗೆ ಕೊಡಬಹುದು. ಕರೆ ಬಂದರೆ ತಾತ ಚೀಟಿ ಕಳಿಸುತ್ತಾರೆ. ಚೀಟಿ ಬಂದವರು ಎದ್ದು ಹೋಗಬಹುದು, ಸೂಪರ್‌ವೈಸರ್ ತಡೆಯುವಂತಿಲ್ಲ. ಎತ್ತರದ ಗಡಿಯಲ್ಲಿ ಇರುವ ಹುಡುಗರಿಗೆ ಬೇಕೆಂದಾಗ ಫೋನ್ ಸಿಗುವುದಿಲ್ಲ. ಅವರಿಗೆ ಸಿಕ್ಕಾಗ ನಾವು ಸಿಗಬೇಕು.

ರಜೆಯ ವಿಷಯಕ್ಕೆ ತುಂಬಾ ಜಗ್ಗಾಟ ಆಯಿತು. 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಕಾನೂನಿನಲ್ಲೇ ಇದೆ. ಆದರೆ ಅದನ್ನು ಮುಂಚೆಯೇ ಅರ್ಜಿ ಕೊಟ್ಟು ಕೇಳಬೇಕು. ಸೈನಿಕ ಬರುವುದು ಮುಂಚೆ ಎಲ್ಲಿ ಗೊತ್ತಾಗುತ್ತದೆ? ಕೊನೆಗೆ ಎರಡು ದಿನದ ರಜೆಯನ್ನು ಆ ದಿನ ಬೆಳಿಗ್ಗೆ ಹೇಳಿದರೂ ಕೊಡುವುದು ಅಂತ ಒಪ್ಪಿದರು. ಅವರ ಕೆಲಸವನ್ನು ಲೈನಿನವರು ಹಂಚಿಕೊಳ್ಳಬೇಕು ಅಂತ ಷರತ್ತು ಹಾಕಿದರು. ನಾವು ಒಪ್ಪಿದೆವು. ಟಾರ್ಗೆಟ್ಟೇ ಇಳಿಸಿ ಅಂತ ಕೇಳಿದ್ದೆವು. ಅದು ಮಾತ್ರ ಇನ್ನೂ ಆಗಿಲ್ಲ.

ನೋಟೀಸ್ ಬೋರ್ಡಿನಲ್ಲಿ ಹೆಸರು ಹಾಕಿದ್ದೇವೆ. ಕೆಲಸದವರ ಹೆಸರು, ಸಂಬಂಧ, ಅಷ್ಟೇ. ಯಾವ ತುಕಡಿ, ಎಲ್ಲಿ ಇದ್ದಾನೆ ಅಂತ ಹಾಕಿಲ್ಲ. ಅದು ತಾತನ ಮಾತು. ಸೈನಿಕ ಇರುವ ಜಾಗವನ್ನು ಬೋರ್ಡಿನಲ್ಲೂ ಬರೆಯಬಾರದು, ಮೊಬೈಲಿನಲ್ಲೂ ಹಂಚಬಾರದು.

ಹಾಗಾದರೆ ಕಾಗದ ಹೇಗೆ ಹೋಗುತ್ತದೆ? ಇದನ್ನೂ ತಾತನೇ ಹೇಳಿಕೊಟ್ಟರು. ಗಡಿಯಲ್ಲಿ ಇರುವವರ ವಿಳಾಸದಲ್ಲಿ ಊರ ಹೆಸರು ಇರುವುದಿಲ್ಲ. ಮೊದಲು ಸೈನ್ಯದ ನಂಬರ್, ಆಮೇಲೆ ಹುದ್ದೆ, ಹೆಸರು, ತುಕಡಿ. ಕೆಳಗೆ ಕೇರ್ ಆಫ್ 56 ಎ.ಪಿ.ಒ. ಅಥವಾ 99 ಎ.ಪಿ.ಒ. ಅಂತ ಬರೆಯಬೇಕು. ಎ.ಪಿ.ಒ. ಅಂದರೆ ಸೈನ್ಯದ ಅಂಚೆ ಕಚೇರಿ. 56 ಅಂತ ಇದ್ದರೆ ಕಾಗದ ದೆಹಲಿ ಮೂಲಕ ಹೋಗುತ್ತದೆ, 99 ಅಂತ ಇದ್ದರೆ ಕೋಲ್ಕತ್ತಾ ಮೂಲಕ. ಪಿನ್ ಕೋಡ್ 9ರಿಂದ ಶುರುವಾಗುತ್ತದೆ. ನಮ್ಮ ಕರ್ನಾಟಕದ್ದು 5ರಿಂದ ಶುರುವಾಗುತ್ತದೆ, ನೋಡಿ. ಒಂದು ಅಂಕಿ ತಪ್ಪಿದರೂ ಕಾಗದ ಅಲೆಯುತ್ತದೆ.

2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದಿನಗಳಲ್ಲಿ ನಾಡೆಲ್ಲ ಟಿ.ವಿ. ಮುಂದೆ ಕೂತು ಕೈಮುಗಿದಿತ್ತು. ಅಂಥ ಸುದ್ದಿ ಬಂದಾಗ ಸೈನಿಕರ ಮನೆಯವರು ಹೇಗೆ ಮಿಷನ್ ತುಳಿದಾರು? ಈಗ ಗಡಿಯಿಂದ ಕೆಟ್ಟ ಸುದ್ದಿ ಬಂದ ದಿನ ನಾವು ಬೋರ್ಡು ನೋಡುತ್ತೇವೆ. ಆ ಮನೆಯವರ ಪಕ್ಕ ಒಬ್ಬರು ಹೋಗಿ ಕೂರುತ್ತೇವೆ. "ನಿನ್ ಮಗ ಎಲ್ಲವ್ನೆ?" ಅಂತ ಕೇಳುವುದಿಲ್ಲ. ನೀರು ಕೊಡುತ್ತೇವೆ.

ತಾತ ಹೇಳಿದ ಒಂದು ಕಥೆ ನಮಗೆ ಬಲು ಇಷ್ಟ. ಕೊಡಗಿನ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಅದಕ್ಕೇ ಆ ದಿನ ಸೇನಾ ದಿನ. 1965ರ ಯುದ್ಧದಲ್ಲಿ ಅವರ ಮಗ ಪಾಕಿಸ್ತಾನದ ಕೈಗೆ ಸೆರೆ ಸಿಕ್ಕರು. ಮಗ ವಾಯುಪಡೆಯ ಪೈಲಟ್. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್‌ಗೆ ಕಾರ್ಯಪ್ಪನವರ ಪರಿಚಯ ಮುಂಚಿನಿಂದ ಇತ್ತು. ನಿಮ್ಮ ಮಗನನ್ನು ಬೇಕಾದರೆ ಬಿಡುತ್ತೇವೆ ಅಂತ ಹೇಳಿ ಕಳಿಸಿದರಂತೆ. ಸೆರೆಯಲ್ಲಿ ಇರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಅಂತ ಕಾರ್ಯಪ್ಪನವರು ಉತ್ತರ ಕೊಟ್ಟರಂತೆ. ಗುಂಡಿ ಮಿಷನ್ನಿನ ಅಕ್ಕ ಇದನ್ನು ಕೇಳಿ, "ಅಪ್ಪ ಹಂಗಂದ, ಸರಿ. ಅವ್ವನ್ನ ಯಾರಾದ್ರೂ ಕೇಳಿದ್ರಾ?" ಅಂದರು. ತಾತನಿಗೆ ಉತ್ತರ ಹೊಳೆಯಲಿಲ್ಲ.

ಚೆಕಿಂಗ್ ಟೇಬಲ್ಲಿನವರ ಮಾತು ಉಳಿಯಿತು. ಅವರನ್ನು ಸ್ಟೇಜಿಗೆ ಕರೆಯಲಿಲ್ಲ. ಆಮೇಲೆ ಒಂದು ದಿನ ಅವರೇ ಬಂದು ಹೇಳಿದರು, ಕುಟುಂಬ ಪಿಂಚಣಿಯ ಪಾಸ್ ಬುಕ್ ಮೈದುನನ ಹತ್ತಿರ ಇದೆ, ಹೆಬ್ಬೆಟ್ಟು ಮಾತ್ರ ನನ್ನದು ಅಂತ. ತಿಂಗಳಿಗೆ ಎಷ್ಟು ಬರುತ್ತದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ. ತಾತ ಅವರನ್ನು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋದರು. ಕೆಲವು ಕಚೇರಿಗಳು ಒಂದಕ್ಕಿಂತ ಹೆಚ್ಚು ಜಿಲ್ಲೆ ನೋಡಿಕೊಳ್ಳುತ್ತವೆ, ಕೇಳಿಕೊಂಡು ಹೋಗಬೇಕು. ಅಲ್ಲಿ ಎರಡು ವಿಷಯ ತಿಳಿಯಿತು. ವರ್ಷಕ್ಕೊಮ್ಮೆ ಜೀವಂತ ಪ್ರಮಾಣ ಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲಬಹುದು. ಮಾಜಿ ಸೈನಿಕರ ಆರೋಗ್ಯಕ್ಕೆ 2003ರಲ್ಲಿ ಶುರುವಾದ ಇ.ಸಿ.ಎಚ್.ಎಸ್. ಯೋಜನೆಗೆ ಕುಟುಂಬ ಪಿಂಚಣಿ ಪಡೆಯುವವರೂ ಸೇರಬಹುದು. ಇಷ್ಟು ವರ್ಷ ಅವರು ಮಂಡಿ ನೋವಿಗೆ ಸಾಲ ಮಾಡಿ ಔಷಧಿ ತರುತ್ತಿದ್ದರು.

ಪಾಸ್ ಬುಕ್ ಈಗ ಅವರ ಟ್ರಂಕಿನಲ್ಲಿ ಇದೆ. ಬ್ಯಾಂಕಿನಲ್ಲಿ ಸಹಿ ಹಾಕುತ್ತಾರೆ. ಮೈದುನ ಸ್ವಲ್ಪ ದಿನ ಮಾತು ಬಿಟ್ಟಿದ್ದ.

ಮುಂದಿನ ಶ್ರಾವಣದಲ್ಲಿ ಗುಂಡಿ ಮಿಷನ್ನಿನ ಅಕ್ಕನ ಮಗ ಬಂದ. ಬೆಳಿಗ್ಗೆ ಆರಕ್ಕೆ ಅಕ್ಕ ಫೋನ್ ಮಾಡಿ ಹೇಳಿದರು. ಎರಡು ದಿನ ಅವರ ಮಿಷನ್ನಿನಲ್ಲಿ ಪಾಳಿಯಂತೆ ನಾವೇ ಕೂತೆವು. ಮೊದಲ ದಿನ ಗುಂಡಿ ಓರೆ ಬಂದು ನಲವತ್ತು ಶರ್ಟು ಬಿಚ್ಚಬೇಕಾಯಿತು. ಮೂರನೇ ದಿನ ಅಕ್ಕ ಬಂದರು. ಡಬ್ಬಿ ತುಂಬ ಕಜ್ಜಾಯ ತಂದಿದ್ದರು.

ಮಾತಾಡೋಣ: ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಯಾರ ಮನೆಯವರು ಸೈನ್ಯದಲ್ಲಿ ಇದ್ದಾರೆ? ಅವರು ರಜೆಗೆ ಬಂದಾಗ ಮನೆಯವರಿಗೆ ರಜೆ ಸಿಗುತ್ತದೆಯೇ? ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿ ಯಾವ ಊರಿನಲ್ಲಿದೆ? ಕೇಳಿ ತಿಳಿದು, ಕೆಳಗಿನ ಗೆರೆಯ ಮೇಲೆ ಬರೆಯಿರಿ.