ಗಗನಯಾತ್ರಿ ಗೆನ್ನಾದಿ ಸ್ತ್ರೆಕಲೋವ್

ಕೈಗಸುಬಿನಿಂದ ಬಾಳನ್ನಾರಂಭಿಸಿ ಗಗನಮಂಡಲವನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡ ಧೀರರಲ್ಲಿ ರಷ್ಯಾ ದೇಶದ ಗೆನ್ನಾದಿ ಮಿಖಾಯಿಲೋವಿಚ್ ಸ್ತ್ರೆಕಲೋವ್ ಅವರು ಸ್ಮರಣೀಯರು. 1940ನೆಯ ಅಕ್ಟೋಬರ್ 26ರಂದು ಮಾಸ್ಕೋ ಸಮೀಪದ ಮಿತಿಶ್ಚಿ ಪಟ್ಟಣದಲ್ಲಿ ಅವರ ಜನನ. ಎರಡನೆಯ ಮಹಾಯುದ್ಧದಲ್ಲಿ ತಂದೆ ಮಡಿದುದರಿಂದ ಬಾಲ್ಯದಲ್ಲಿಯೇ ಪಿತೃವಿಯೋಗ ಪ್ರಾಪ್ತವಾಯಿತು. ಶಾಲಾಭ್ಯಾಸ ಮುಗಿದ ಬಳಿಕ ಅವರು ರಾಕೆಟ್ ವಿಜ್ಞಾನಿ ಕೊರೊಲ್ಯೋವರ ಕಾರ್ಯಾಗಾರದಲ್ಲಿ ತಾಮ್ರಗೆಲಸ ಕಲಿಯಲು ಸೇರಿದರು. 1957ರಲ್ಲಿ ಭೂಮಿಯನ್ನು ಸುತ್ತಿದ ಪ್ರಥಮ ಕೃತಕ ಉಪಗ್ರಹ ಸ್ಪುಟ್ನಿಕ್ಕಿನ ನಿರ್ಮಾಣದಲ್ಲಿ ಅವರ ಕೈಗಳೂ ದುಡಿದವು. ಮುಂದೆ ಬೌಮನ್ ತಾಂತ್ರಿಕ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ 1965ರಲ್ಲಿ ಇಂಜಿನಿಯರರಾದರು. 1980ರಲ್ಲಿ ಮೊದಲ ಬಾರಿ ಅಂತರಿಕ್ಷಕ್ಕೇರಿದರು.

1983 ಅವರ ಪಾಲಿಗೆ ಅಗ್ನಿಪರೀಕ್ಷೆಯ ವರ್ಷ. ಏಪ್ರಿಲ್ ತಿಂಗಳಲ್ಲಿ ನೌಕೆಯ ಆಂಟೆನಾ ಕೆಟ್ಟು, ಸಾಲ್ಯುತ್-7 ನಿಲ್ದಾಣವನ್ನು ಸೇರಲಾಗದೆ ಹಿಂದಿರುಗಬೇಕಾಯಿತು. ಸೆಪ್ಟೆಂಬರ್ 26ರಂದು ಬೈಕನೂರಿನಲ್ಲಿ, ಉಡಾವಣೆಗೆ ಇನ್ನೇನು ಒಂದೂವರೆ ನಿಮಿಷವಿರುವಾಗ, ರಾಕೆಟ್ಟಿನ ಬುಡಕ್ಕೆ ಬೆಂಕಿ ಹತ್ತಿತು. ಆ ರಾಕೆಟ್ಟು ನಮ್ಮ ಗೋಕಾಕ ಜಲಪಾತದಷ್ಟು, ಎಂದರೆ ಸುಮಾರು 50 ಮೀಟರು ಎತ್ತರದ್ದು. ತಂತಿಗಳು ಸುಟ್ಟುಹೋದುದರಿಂದ ರಕ್ಷಣಾಯಂತ್ರವು ತಾನಾಗಿ ಚಾಲನೆಗೊಳ್ಳಲಿಲ್ಲ. ನೆಲದ ಮೇಲಿನ ನಿಯಂತ್ರಕರು ರೇಡಿಯೋ ಮೂಲಕ ಆಜ್ಞೆಯಿತ್ತ ಬಳಿಕವೇ ತುದಿಯಲ್ಲಿದ್ದ ಕಿರುರಾಕೆಟ್ಟು ಹೊತ್ತಿ, ಸ್ತ್ರೆಕಲೋವ್ ಹಾಗೂ ವ್ಲಾದಿಮಿರ್ ತಿತೋವ್ ಕುಳಿತಿದ್ದ ಕೋಶವನ್ನು ಮೇಲಕ್ಕೆತ್ತಿ ಒಯ್ದಿತು. ಮರುಕ್ಷಣದಲ್ಲಿಯೇ ಕೆಳಗಿನ ರಾಕೆಟ್ಟು ಸಿಡಿದು ಭಸ್ಮವಾಯಿತು. ಸುಮಾರು 4 ಕಿಲೋಮೀಟರು ದೂರದಲ್ಲಿ ಇಬ್ಬರೂ ಜೀವಸಹಿತ ಇಳಿದರು.

ಇಂಥ ಮೃತ್ಯುಮುಖದಿಂದ ಪಾರಾದವರು ಮತ್ತೆ ಆ ಹಾದಿಯನ್ನು ತುಳಿಯಲು ಹಿಂಜರಿದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಭಾರತ–ಸೋವಿಯತ್ ಯಾತ್ರೆಗೆ ನಿಯುಕ್ತರಾಗಿದ್ದ ರುಕಾವಿಶ್ನಿಕೋವ್ ಅನಾರೋಗ್ಯದಿಂದ ಹಿಂದೆ ಸರಿದಾಗ ಆ ಸ್ಥಾನವನ್ನು ತುಂಬಿದವರು ಸ್ತ್ರೆಕಲೋವರೇ. ಬೆಂಗಳೂರಿನ ವಾಯುಯಾನ ವೈದ್ಯಕೀಯ ಸಂಸ್ಥೆಯಲ್ಲಿ ಪರೀಕ್ಷೆಗೊಳಗಾಗಿ ಆಯ್ಕೆಯಾಗಿದ್ದ ರಾಕೇಶ ಶರ್ಮಾ ಹಾಗೂ ನಾಯಕ ಯೂರಿ ಮಾಲಿಶೆವ್ ಅವರೊಡನೆ 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ಅವರು ಮೇಲೇರಿದರು. ಬೆಂಕಿಯ ಆ ದಿನದಿಂದ ಆಗಿನ್ನೂ ಆರು ತಿಂಗಳು ಕಳೆದು ಕೆಲವೇ ದಿನಗಳಾಗಿದ್ದವು. ಏಪ್ರಿಲ್ 11ರಂದು ಮೂವರೂ ಕ್ಷೇಮವಾಗಿ ಮರಳಿದರು. ಭಾರತ ಸರಕಾರವು ಶರ್ಮಾರಿಗಷ್ಟೇ ಅಲ್ಲದೆ ಅವರ ಇಬ್ಬರು ಸಹಯಾತ್ರಿಗಳಿಗೂ ಅಶೋಕಚಕ್ರವನ್ನಿತ್ತು ಗೌರವಿಸಿತು.

1990ರಲ್ಲಿಯೂ 1995ರಲ್ಲಿಯೂ ಸ್ತ್ರೆಕಲೋವರು ಮೀರ್ ನಿಲ್ದಾಣದಲ್ಲಿ ತಿಂಗಳುಗಟ್ಟಲೆ ದುಡಿದರು. ಐದು ಯಾತ್ರೆಗಳಲ್ಲಿ ಅವರು ಅಂತರಿಕ್ಷದಲ್ಲಿ ಕಳೆದ ಕಾಲ ಸುಮಾರು 269 ದಿನ. 2004ರ ಡಿಸೆಂಬರ್ 25ರಂದು ಅವರು ನಿಧನ ಹೊಂದಿದರು.

ಕೈಕೆಲಸವನ್ನು ಕೀಳೆಂದು ಬಗೆಯುವ ವಿದ್ಯಾರ್ಥಿಗಳಿಗೂ, ಒಮ್ಮೆ ಅನುತ್ತೀರ್ಣರಾದೊಡನೆ ಪುಸ್ತಕ ಮುಚ್ಚಿಡುವ ಮಕ್ಕಳಿಗೂ ಗುರುಗಳು ಹೇಳತಕ್ಕ ಜೀವನಚರಿತ್ರೆಯಿದು. ತಾಮ್ರವನ್ನು ಬಡಿದ ಕೈಗಳೇ ಮುಂದೆ ಅಂತರಿಕ್ಷ ನೌಕೆಯ ಯಂತ್ರಗಳನ್ನು ನಿರ್ವಹಿಸಿದವು. ಎರಡು ಸಲ ನಿಲ್ದಾಣವನ್ನು ಮುಟ್ಟಲಾರದೆ ಹೋದವರೇ ಮೂರನೆಯ ಸಲ ಭಾರತೀಯನೊಬ್ಬನ ಜೊತೆಗಾರರಾಗಿ ಅಲ್ಲಿಗೆ ತಲುಪಿದರು.